ತುಳಸಿಯ ಕಾರ್ಡಿಗೆ ಬೇಕಾದ ಕಣ್ಣು

"ಗದ್ದ ಎತ್ತಬ್ಯಾಡ್ರಿ. ಕಣ್ಣಷ್ಟ ಮ್ಯಾಲೆ ಮಾಡ್ರಿ. ಹಾಂ, ಹಂಗ ಇರ್ರಿ."

ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದ ಮಲಪನಗುಡಿಯ ರೈತ ಕಣ್ಣೆತ್ತಿದ. ಉಚ್ಚೆಂಗೆಪ್ಪ ಫೋನಿನಲ್ಲಿ ಎರಡು ಸಲ ಒತ್ತಿ, ಸಾಕೆಂದು ತಲೆಯಾಡಿಸಿ, ಕಂಪ್ಯೂಟರಿನ ಕಡೆ ತಿರುಗಿದ. ಪರದೆಯ ಮೇಲೆ ಆ ರೈತನ ಅಪ್ಪನ ಮುಖವಿತ್ತು. ಮುದುಕ ತೀರಿಕೊಂಡು ಎರಡು ದಿನವಾಗಿತ್ತು. ಮನೆಯಲ್ಲಿ ಸಿಕ್ಕಿದ್ದು ಒಂದೇ ಫೋಟೋ, ಯಾರದೋ ಮದುವೆಯದು. ಅದರಲ್ಲೂ ಅವನು ಕಣ್ಣು ಮಿಟುಕಿಸಿಬಿಟ್ಟಿದ್ದ.

"ಅಣ್ಣಾ, ಅಪ್ಪಗ ಒಂದು ಕೋಟ್ ಹಾಕ್ರಿ" ಎಂದ ಹಿಂದೆ ನಿಂತಿದ್ದ ಕಿರಿಯ ಮಗ.

"ಅಪ್ಪ ಯಾವತ್ತರ ಕೋಟ್ ಹಾಕಿದ್ನೇನಲೇ?" ಹಿರಿಯವನು ಸ್ಟೂಲಿನಿಂದಲೇ ಕೇಳಿದ.

"ಅದಕ್ಕ ಹೇಳಾಕ ಹತ್ತಿದ್ದು. ಈಗರ ಹಾಕ್ಲಿ."

"ಬಿಸಿಲಿಗೆ ಬೆವತು ಎದ್ದು ಬಂದಾನು, ಸುಮ್ನಿರು."

ಉಚ್ಚೆಂಗೆಪ್ಪ ನಗಲಿಲ್ಲ. ಇಂಥ ಮಾತನ್ನು ಅವನು ಎಷ್ಟೋ ಮನೆಯವರ ಬಾಯಲ್ಲಿ ಕೇಳಿದ್ದಾನೆ. "ಟವಲ್ ಇರ್ಲಿ ಬಿಡ್ರಿ, ಬೆಳ್ಳಗ ಮಾಡ್ತೀನಿ" ಎಂದಷ್ಟೇ ಹೇಳಿ, ಮಗನ ಕಣ್ಣುಗಳನ್ನು ಕತ್ತರಿಸಿ ಅಪ್ಪನ ಮುಚ್ಚಿದ ರೆಪ್ಪೆಗಳ ಮೇಲಿಟ್ಟ. ಸುತ್ತ ಸ್ವಲ್ಪ ಸುಕ್ಕು ಎಳೆದ. ಬಿಳಿಗುಡ್ಡೆಗೆ ತುಸು ಹಳದಿ ಬೆರೆಸಿದ. ಮುದುಕ ಕಣ್ಣು ತೆರೆದ. ಹಿರಿಯವನು ಸ್ಟೂಲಿನಿಂದ ಎದ್ದು ನಿಂತ.

ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯ ಈ ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬ, ಗೃಹಪ್ರವೇಶ, ನಾಯಕರ ಸ್ವಾಗತದ ಬ್ಯಾನರುಗಳನ್ನೆಲ್ಲ ಮಾಡುವವರು ಬೇರೆಯವರು. ಐವತ್ತೇಳರ ಉಚ್ಚೆಂಗೆಪ್ಪನ ಮೇಜಿಗೆ ಬರುವುದು ಸತ್ತವರ ಫೋಟೋ ಮಾತ್ರ. ಹದಿನಾರನೇ ವಯಸ್ಸಿಗೆ ಸ್ಟುಡಿಯೋ ಸೇರಿ, ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಮೊಡವೆ ಅಳಿಸುತ್ತಾ ಕೆಲಸ ಕಲಿತವನು. ಕೆಲವು ವರ್ಷ ಹಂಪಿಯಲ್ಲಿ ಪ್ರವಾಸಿಗರ ಫೋಟೋ ತೆಗೆದ. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಅದೂ ನಿಂತಿತು. ಉಳಿದದ್ದು ಕಣ್ಣು ಕೂರಿಸುವ ಕೆಲಸ.

ಆ ಕೆಲಸಕ್ಕೆ ಅವನದೇ ಒಂದು ಕ್ರಮವಿದೆ. ಸತ್ತವರ ಕಣ್ಣು ಮುಚ್ಚಿದ್ದರೆ ಕಂಡವರ ಕಣ್ಣು ತಂದು ಅಂಟಿಸುವುದಿಲ್ಲ. ಮನೆಯವರದ್ದೇ ಆಗಬೇಕು: ಅಪ್ಪನಿಗೆ ಮಗನದು, ಮಗಳಿಗೆ ತಾಯಿಯದು, ಅಣ್ಣನಿಗೆ ತಮ್ಮನದು. ಹಾಗೆ ಮಾಡಿದರೆ ಗೋಡೆಯ ಮೇಲಿನ ಫೋಟೋ ಮನೆಯವರನ್ನು ಗುರುತಿಸುತ್ತದೆ ಎನ್ನುತ್ತಾರೆ ಜನ. ರಕ್ತಸಂಬಂಧದಲ್ಲಿ ರೆಪ್ಪೆಯ ಮಡಿಕೆ ಹೊಂದುತ್ತದೆ ಎನ್ನುತ್ತಾನೆ ಅವನು. ದೂರದ ಊರುಗಳಿಂದ ಕಣ್ಣು ತರಿಸಿಕೊಳ್ಳಲು ಅಲ್ಲಲ್ಲಿ ಪರಿಚಯದವರಿದ್ದಾರೆ. ಮರಿಯಮ್ಮನಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿಯ ಪಕ್ಕೀರಪ್ಪ. ಇಂಥವರ ಮನೆಯ ಕಣ್ಣು ಬೇಕೆಂದು ಸಂದೇಶ ಹೋದರೆ ಪಕ್ಕೀರಪ್ಪ ಅಂಗಡಿಗೆ ಅರ್ಧ ಬಾಗಿಲು ಎಳೆದು, ಆ ಮನೆಗೆ ಹೋಗಿ, ಫೋಟೋ ತೆಗೆದು ಕಳಿಸುತ್ತಾನೆ.

ಕೊರೊನಾದ ಎರಡನೇ ಬೇಸಿಗೆಯಲ್ಲಿ ಅವನು ಮಾಡಿದ ಮುಖಗಳಿಗೆ ಲೆಕ್ಕವಿಲ್ಲ. ಅದಾದ ಮೇಲೆ ಯಾರ ಕಣ್ಣನ್ನೂ ಕೆಲಸದ ಯೋಚನೆಯಿಲ್ಲದೆ ನೋಡಿದ ನೆನಪಿಲ್ಲ ಎನ್ನುತ್ತಾನೆ. ಊಟಕ್ಕೆ ಕುಳಿತಾಗ ಎದುರಿಗಿದ್ದವರ ರೆಪ್ಪೆಯ ಅಂಚು ಕಾಣಿಸುತ್ತದೆ, ಯಾರಿಗೆ ಹೊಂದೀತು ಎಂಬ ಯೋಚನೆ ಬರುತ್ತದೆ. ಹೆಂಡತಿ ನಿಂಗಕ್ಕ ಒಂದು ದಿನ ರೊಟ್ಟಿ ಹಾಕುತ್ತಾ, "ನನ್ನ ಹಂಗ್ ನೋಡಬ್ಯಾಡ, ನಾನಿನ್ನೂ ಅದೀನಿ" ಎಂದಿದ್ದಳು.

ಆಗಸ್ಟ್ ಮೊದಲ ವಾರ ಅಂಜಿನಿ ಮೇಷ್ಟ್ರು ಅಂಗಡಿಗೆ ಬಂದರು. ಸಂಡೂರಿನ ಒಂದು ವಸತಿ ಶಾಲೆಯಲ್ಲಿ ದೈಹಿಕ ಶಿಕ್ಷಕರು. ಈ ಭಾಗದ ಹೆಣ್ಣುಮಕ್ಕಳಿಗೆ ಇಪ್ಪತ್ತು ವರ್ಷದಿಂದ ಬೇಸ್‌ಬಾಲ್ ಕಲಿಸುತ್ತಿರುವವರು. ಅಂಗಡಿಯ ಉಳಿದ ಹುಡುಗರು ಬೇರೆ ಗಿರಾಕಿಗಳ ಕೆಲಸದಲ್ಲಿದ್ದರು. ಖಾಲಿ ಕುಳಿತಿದ್ದವನು ಉಚ್ಚೆಂಗೆಪ್ಪ.

ಮೇಷ್ಟ್ರು ಫೋನಿನಲ್ಲಿ ಕೆಲವು ಚಿತ್ರ ತೋರಿಸಿದರು. ಅಮೆರಿಕದಲ್ಲಿ ಎಪ್ಪತ್ತು ವರ್ಷದ ಹಿಂದೆ ಚೂಯಿಂಗ್ ಗಮ್ಮಿನ ಪೊಟ್ಟಣದಲ್ಲಿ ಬರುತ್ತಿದ್ದ ಆಟಗಾರರ ಕಾರ್ಡುಗಳು. ಅಂಗೈ ಅಗಲದ ರಟ್ಟು. ಮುಂದೆ ಬಣ್ಣದ ಚಿತ್ರ, ಹಿಂದೆ ನಾಲ್ಕು ಸಾಲು ಬರಹ.

"ಇಂಥವು ಆರು ಬೇಕು. ನಮ್ಮ ಹುಡುಗ್ಯಾರದ್ದು. ಎಲ್ಲಾರೂ ಚೆಂಡು ಒಗ್ಯೋ ಪಿಚರ್‌ಗಳು. ಆದ್ರ ಹೊಸಾವು ಕಾಣಬಾರ್ದು. ಆಗಿನ ಕಾಲದಾಗ ಅಚ್ಚಾಗಿ, ಯಾರದೋ ಟ್ರಂಕಿನ್ಯಾಗ ಬಿದ್ದು, ಈಗ ಸಿಕ್ಕಂಗ ಇರ್ಬೇಕು."

"ಎಲ್ಲಾರೂ ಹಳೇ ಫೋಟೋ ತಂದು ಹೊಸಾದು ಮಾಡಂತಾರ. ನೀವು ಉಲ್ಟಾ ಬಂದ್ರಿ" ಎಂದ ಉಚ್ಚೆಂಗೆಪ್ಪ. ಆಮೇಲೆ, "ಎಲ್ಲಾರೂ ಅದಾರೇನ್ರಿ?" ಎಂದು ಕೇಳಿದ.

"ಅದಾರ ಅಂದ್ರ?"

"ಬದುಕ್ಯಾರೇನು ಅಂತ."

"ಏ, ಎಲ್ಲಾ ಗಟ್ಟಿಮುಟ್ಟಾಗಿ ಅದಾರಪ್ಪ! ಮಕ್ಕಳಾಗ್ಯಾವು."

ಹಾಗಾದರೆ ಮಾಡುತ್ತೇನೆ ಎಂದ. ಬದುಕಿರುವವರ ಕೆಲಸ ಕೈಗೆ ಬಂದು ಬಹಳ ವರ್ಷವಾಗಿತ್ತು. ಇದೊಂದನ್ನು ಚೆನ್ನಾಗಿ ಮಾಡಿ ಮುಗಿಸಬೇಕೆಂಬ ಆಸೆ ಅವತ್ತೇ ಹುಟ್ಟಿತೆಂದು ಅವನು ಆಮೇಲೆ ಹೇಳಿದ.

ಕಾರ್ಡು ಯಾಕೆಂಬುದನ್ನು ಮೇಷ್ಟ್ರು ವಿವರಿಸಿದರು. ತಿಂಗಳ ಕೊನೆಯ ಭಾನುವಾರ ಟಿ.ಬಿ. ಡ್ಯಾಂ ಮೈದಾನದಲ್ಲಿ ಪಂದ್ಯಾವಳಿ. ಗೆದ್ದವರಿಗೆ ಪ್ಲಾಸ್ಟಿಕ್ ಕಪ್ಪಿನ ಬದಲು ಹುಡುಗಿಗೊಂದರಂತೆ ಈ ಕಾರ್ಡಿನ ಕಟ್ಟು. ಹಿಂದೆ ಇದೇ ನೆಲದಲ್ಲಿ ಎಂಥೆಂಥ ಆಟವಾಗಿತ್ತು ಎಂಬುದಕ್ಕೆ ಈಗ ಒಂದು ಗುರುತೂ ಇಲ್ಲ. ಪೇಪರಿನವರು ಬಂದಿರಲಿಲ್ಲ. ಆಡುವಾಗಿನ ಫೋಟೋ ಯಾರೂ ತೆಗೆದಿರಲಿಲ್ಲ. ಪಂದ್ಯ ಮುಗಿದ ಮೇಲೆ ಸಾಲಾಗಿ ನಿಲ್ಲಿಸಿ ತೆಗೆದ ಗುಂಪಿನ ಫೋಟೋಗಳಷ್ಟೇ ಮೇಷ್ಟ್ರ ಬಳಿ ಇದ್ದವು.

ಎಲ್ಲಕ್ಕಿಂತ ಮುಖ್ಯವಾದ ಕಾರ್ಡು ತುಳಸಿಯದು. ಮರಿಯಮ್ಮನಹಳ್ಳಿಯ ಹುಡುಗಿ, ಆಗ ಹದಿನೇಳು. ಬೇಸ್‌ಬಾಲಿನ ಪಿಚರ್ ಕ್ರಿಕೆಟ್ಟಿನ ಬೌಲರಿನಂತೆ ಓಡಿ ಬರುವಂತಿಲ್ಲ, ಚೆಂಡನ್ನು ನೆಲಕ್ಕೆ ಕುಟ್ಟುವಂತಿಲ್ಲ. ನಿಂತ ಜಾಗದಿಂದ, ಎದುರಾಳಿಯ ಮೊಣಕಾಲಿಗೂ ಎದೆಗೂ ನಡುವೆ, ಅವಳಿಗೆ ತಾಗದಂತೆ, ಅವಳ ಕೋಲಿಗೂ ಸಿಗದಂತೆ ಎಸೆಯಬೇಕು. ಹದಿನಾಲ್ಕು ವರ್ಷದ ಹಿಂದೆ ಇದೇ ಮೈದಾನದ ಫೈನಲ್ಲಿನಲ್ಲಿ ತುಳಸಿ ಮೊದಲಿನಿಂದ ಕೊನೆಯವರೆಗೆ ತಾನೇ ಎಸೆದಳು. ಒಬ್ಬ ಹುಡುಗಿಗೂ ಸರಿಯಾಗಿ ಹೊಡೆದು ಓಡಲು ಆಗಲಿಲ್ಲ. ಅಮೆರಿಕದಲ್ಲಾದರೆ ಇಂಥ ಆಟದ ಚೆಂಡನ್ನು ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ ಎಂದರು ಮೇಷ್ಟ್ರು. ಆ ಚೆಂಡಿನಲ್ಲಿ ಶಾಲೆಯವರು ಇನ್ನೊಂದು ವರ್ಷ ಆಡಿದರು, ಹೊಲಿಗೆ ಬಿಚ್ಚುವ ತನಕ. ಆ ವರ್ಷದ ಸರ್ಟಿಫಿಕೇಟುಗಳು ಬರಲೇ ಇಲ್ಲ. ಈಗ ತುಳಸಿಗೆ ಮೂವತ್ತೊಂದು. ಕಂಪ್ಲಿಗೆ ಕೊಟ್ಟಿದ್ದಾರೆ, ಭತ್ತದ ಗದ್ದೆ ಕೆಲಸ. ಕಾರ್ಡಿಗೆ ಅವಳು ಫೋನಿನಲ್ಲೇ ಒಪ್ಪಿದ್ದಳು. "ನನ್ನ ಹೆಸರು ಇರ್ತೈತಲ್ರಿ?" ಎಂದು ಎರಡು ಸಲ ಕೇಳಿದ್ದಳಂತೆ.

ಉಚ್ಚೆಂಗೆಪ್ಪ ಕೆಲಸ ಹಿಡಿದ. ಮನೆಯಲ್ಲಿದ್ದ ಹಳೆಯ ಸ್ಟುಡಿಯೋ ರಟ್ಟುಗಳ ಬೆನ್ನನ್ನು ಸ್ಕ್ಯಾನ್ ಮಾಡಿ ಅದರ ಕಂದು ಬಣ್ಣವನ್ನೇ ಕಾಗದದ ಬಣ್ಣವಾಗಿಸಿದ. ಹಿಂದಿನ ಕಾಲದ ಅಚ್ಚಿನಲ್ಲಿ ಕೆಂಪು ಬಣ್ಣ ಒಂದು ಕೂದಲೆಳೆ ಪಕ್ಕಕ್ಕೆ ಸರಿಯುತ್ತಿತ್ತು. ಹಾಗೇ ಸರಿಸಿದ. ಮೂಲೆಗಳನ್ನು ಸವೆಸಿದ. ಮೊದಲ ಐದು ಕಾರ್ಡು ಸಲೀಸಾಗಿ ಬಂದವು. ಕಂಪ್ಲಿಯ ಎಡಗೈಯವಳೊಬ್ಬಳು ಜಿಟಿಜಿಟಿ ಮಳೆಯಲ್ಲಿ ಎಸೆದದ್ದಕ್ಕೆ ಬೂದು ಆಕಾಶ ಹಾಕಿದ. ಸಂಡೂರಿನವಳೊಬ್ಬಳ ಹಿಂದೆ ಗಣಿಯ ಕೆಂಪು ಗುಡ್ಡ ಬರೆದ. ಎಲ್ಲ ಮುಖಗಳೂ ಗುಂಪಿನ ಫೋಟೋದಿಂದ ಬಂದವು, ಕೈಕಾಲು ಅವನ ಕಲ್ಪನೆಯಿಂದ. ಮಾಲೀಕ ಮಲ್ಲಿಕಾರ್ಜುನ್ ಒಮ್ಮೆ ಬಗ್ಗಿ ನೋಡಿ, "ಮಸ್ತ್ ಐತಲೋ ಮಾಮ. ಹೂವಿನ ಮಾಲಿ ಎಲ್ಲಿ ಹಾಕ್ತಿ?" ಎಂದು ಕಿಚಾಯಿಸಿ ಹೋದ.

ತುಳಸಿಯ ಫೋಟೋ ತೆರೆದಾಗ ಅವಳು ಕಣ್ಣು ಮುಚ್ಚಿದ್ದಳು. ಮೈದಾನದ ಬಿಸಿಲಿಗೆ ಮಿಟುಕಿಸಿದ್ದಿರಬೇಕು.

ಉಚ್ಚೆಂಗೆಪ್ಪ ನಿಂತು ಯೋಚಿಸಲಿಲ್ಲ. ಮುಚ್ಚಿದ ಕಣ್ಣು ಕಂಡಾಗ ಇಷ್ಟು ವರ್ಷ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಮೇಷ್ಟ್ರಿಂದ ತಾಯಿಯ ಹೆಸರು, ಓಣಿ ಕೇಳಿಕೊಂಡು ಪಕ್ಕೀರಪ್ಪನಿಗೆ ಸಂದೇಶ ಹಾಕಿದ: ಭೀಮವ್ವನ ಕಣ್ಣು ಜಲ್ದಿ ಬೇಕು, ಮಗಳು ತುಳಸಿಗೆ. ಬದುಕಿರುವ ಹುಡುಗಿಗೆ ಫೋನ್ ಮಾಡಿ, ನಿನ್ನ ಒಂದು ಫೋಟೋ ಕಳಿಸವ್ವ ಎಂದು ಕೇಳಬಹುದಿತ್ತು. ಅದು ಅವನಿಗೆ ಹೊಳೆಯಲಿಲ್ಲ. ಮೇಷ್ಟ್ರಿಗೂ ಹೊಳೆಯಲಿಲ್ಲ.

ಮಧ್ಯಾಹ್ನಕ್ಕೆ ಕಣ್ಣು ಬಂತು. ಸ್ಪಷ್ಟವಾಗಿತ್ತು, ಬೆಳಕು ಸರಿಯಾಗಿತ್ತು. ಅಗಲವಾಗಿ ತೆರೆದ, ಅಂಚು ಕೆಂಪಾಗತೊಡಗಿದ ಕಣ್ಣು. ಹೀಗೇ ಇರುವ ನೂರಾರು ಕಣ್ಣು ಅವನ ಕೈಯಲ್ಲಿ ಹಾದುಹೋಗಿವೆ. ಬೇರೇನೂ ಅನ್ನಿಸಲಿಲ್ಲ. ಮಗಳ ಮುಖಕ್ಕೆ ಕೂರಿಸಿದ, ಕೆಂಪು ತೆಗೆದ, ವಯಸ್ಸು ಇಳಿಸಿದ. ಹಿನ್ನೆಲೆಗೆ ತಿಳಿನೀಲಿ ಆಕಾಶ ಹಾಕಿ ಮೇಷ್ಟ್ರಿಗೆ ಕಳಿಸಿದ.

ಮೇಷ್ಟ್ರು ತಕ್ಷಣ ಫೋನ್ ಮಾಡಿದರು. "ಎಲ್ಲಾ ಚಲೋ ಐತಿ ಉಚ್ಚೆಂಗೆಪ್ಪ. ಆದ್ರ ಹುಡುಗಿ ಯಾಕ ಹಿಂಗ್ ನೋಡಾಕ ಹತ್ತ್ಯಾಳ? ಚೆಂಡು ಒಗ್ಯಾಕ ನಿಂತಂಗ ಇಲ್ಲ. ಏನೋ ಕೇಳಬಾರದ್ದು ಕೇಳಿದಂಗ ಐತಿ."

"ಅವರವ್ವನ ಕಣ್ಣ್ರಿ ಅವು. ಸ್ವಲ್ಪ ಸರಿ ಮಾಡ್ತೀನಿ" ಎನ್ನುತ್ತಿರುವಾಗಲೇ ಪಕ್ಕೀರಪ್ಪನ ಕರೆ ಬರತೊಡಗಿತು. ಮೇಷ್ಟ್ರನ್ನು ಬಿಟ್ಟು ಅದನ್ನು ಎತ್ತಿದ.

"ಉಚ್ಚೆಂಗೆಪ್ಪ, ಮಣ್ಣು ಎಷ್ಟೊತ್ತಿಗಂತ? ಇಲ್ಲಿಂದ ಎರಡು ಟಂಟಂ ಆಟೋ ಹೊಂಟು ಆಗ್ಲೇ ಭಾಳ ಹೊತ್ತಾತು."

"ಯಾರ ಮಣ್ಣು?"

"ಯಾರದಂದ್ರ? ತುಳಸೀದು. ನೀನ ಕಣ್ಣು ಕೇಳಿದ್ಯಲ್ಲ!"

ಉಚ್ಚೆಂಗೆಪ್ಪ ಪರದೆ ನೋಡಿದ. ಅಲ್ಲಿದ್ದ ಕಣ್ಣು ಮಗಳು ಸತ್ತಳೆಂದು ಆಗ ತಾನೇ ಕೇಳಿದ ತಾಯಿಯದು.

ನಡೆದದ್ದು ಇಷ್ಟು. ಪಕ್ಕೀರಪ್ಪ ಮುಖ ಸಣ್ಣ ಮಾಡಿಕೊಂಡು ಭೀಮವ್ವನ ಅಂಗಳಕ್ಕೆ ಹೋಗಿ, "ಯವ್ವಾ, ಈ ಕಡಿ ಸ್ವಲ್ಪ ನೋಡು" ಎಂದು ಫೋನು ಹಿಡಿದ. ಅವಳು, "ಯಾಕಪ್ಪ, ಯಾರಿಗೆ?" ಎಂದಳು. ಅವನು ಅತ್ತ ನೋಡಿಕೊಂಡು, "ಹೊಸಪೇಟಿ ಉಚ್ಚೆಂಗೆಪ್ಪ ಕೇಳ್ಯಾನ, ತುಳಸಿಗೆ" ಎಂದ. ಆ ಹೆಸರು ಮರಿಯಮ್ಮನಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು, ಅವನು ಯಾವುದಕ್ಕೆ ಕಣ್ಣು ಕೇಳುತ್ತಾನೆಂಬುದೂ ಗೊತ್ತು. ಫೋನು ಒತ್ತಿದ್ದು ಆ ಹೊತ್ತಿಗೆ. ಕಂಪ್ಲಿಗೆ ಕರೆ ಮಾಡಿದರೆ ತುಳಸಿ ಎತ್ತಲಿಲ್ಲ. ನಾಟಿಗೆ ಹೋಗುವಾಗ ಅವಳು ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾಳೆ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಪಕ್ಕದ ಮನೆಯ ಜಂಬವ್ವ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಟಂಟಂ ಹತ್ತಿದಳು.

ಕಂಪ್ಲಿಯಲ್ಲಿ ತುಳಸಿ ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ ನಾಟಿ ಹಾಕುತ್ತಿದ್ದಳು. ರಸ್ತೆಯಲ್ಲಿ ಅಳುತ್ತಾ ಇಳಿದವರನ್ನು ಕಂಡು, ಯಾರ ಮನೆಯಲ್ಲಿ ಏನಾಯಿತೋ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವ್ವನ ದನಿ ಗುರುತು ಹತ್ತಿತು. ತನ್ನ ಹೆಸರು ಹೇಳಿ ಅಳುತ್ತಿದ್ದಾಳೆಂದು ಆಮೇಲೆ ತಿಳಿಯಿತು.

"ಯವ್ವಾ, ಇಲ್ಲೇ ಅದೀನಿ!" ಎಂದು ಕೂಗಿದಳು.

ಭೀಮವ್ವ ಬದುವಿನ ಮೇಲೆ ಕುಸಿದು ಕುಳಿತಳು. ಮಗಳು ಹತ್ತಿರ ಬಂದ ಮೇಲೆ ಅವಳ ಮುಖ, ತೋಳು, ಕೆಸರಿನ ಕಾಲು ಎಲ್ಲ ಮುಟ್ಟಿ ನೋಡಿ, ಬೆನ್ನಿಗೊಂದು ಗುದ್ದಿದಳು. ಜಂಬವ್ವ ತಂದ ರೊಟ್ಟಿಯನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಹೊರಗೆ ಬಿಸಾಡುವಂತಿಲ್ಲ, ವಾಪಸ್ ಒಯ್ಯುವಂತಿಲ್ಲ. ಕೊನೆಗೆ ನಾಟಿಯ ಹೆಂಗಸರೆಲ್ಲ ಕೂತು ತಿಂದರು. "ನಿನ್ನ ತಿಥಿ ಊಟ ನೀನ ಉಂಡ್ಯಲ್ಲೇ" ಎಂದು ಒಬ್ಬಳು ಹೇಳಿದಾಗ ತುಳಸಿ ಮಾತ್ರ ನಕ್ಕಳು.

ಸಂಜೆಯ ಹೊತ್ತಿಗೆ ಕಂಪ್ಲಿಯ ಅತ್ತೆ ಮನೆಯಲ್ಲೂ, ಮರಿಯಮ್ಮನಹಳ್ಳಿಯಲ್ಲೂ ಒಂದೇ ಮಾತಾಯಿತು. ಕಾರ್ಡು ಬೇಡ. ಸತ್ತವರ ಮುಖ ಮಾಡುವ ಕೈ ಬದುಕಿದವಳ ಮುಖ ಮಾಡಬಾರದು.

ಎರಡು ದಿನ ಬಿಟ್ಟು ತಾಯಿ, ಮಗಳು ಅಂಗಡಿಗೆ ಬಂದರು. ಮೇಷ್ಟ್ರೂ ಬಂದಿದ್ದರು. ಉಚ್ಚೆಂಗೆಪ್ಪ ಎದ್ದು ನಿಂತು ಕೈಮುಗಿದ.

"ಮೊದ್ಲು ನನ್ನ ಕಣ್ಣು ತೆಗಿ" ಎಂದಳು ಭೀಮವ್ವ.

ಅವನು ಕಾರ್ಡು ತೆರೆದ. ತುಳಸಿ ಪರದೆಯ ಹತ್ತಿರ ಬಗ್ಗಿ ನೋಡಿದಳು. ಕಂದು ರಟ್ಟು, ಸವೆದ ಮೂಲೆ, ಕೆಳಗೆ ಅವಳ ಹೆಸರು. ಹೆಸರಿನ ಮೇಲೆ ಬೆರಳಿಟ್ಟಳು. "ಇದು ನಾನಲ್ಲ. ನಮ್ಮವ್ವ ನನ್ನ ಅಂಗಿ ಹಾಕ್ಕೊಂಡು ಅಳಾಕ ನಿಂತಂಗ ಐತಿ" ಎಂದಳು.

ಉಚ್ಚೆಂಗೆಪ್ಪ ಕಣ್ಣು ಅಳಿಸಿದ.

"ಹೋತಾ?" ಭೀಮವ್ವ ಕೇಳಿದಳು.

"ಹೋತವ್ವ."

"ಫೋನಿನ್ಯಾಗಿಂದೂ?"

ಫೋನಿನಿಂದಲೂ ಅಳಿಸಿ ತೋರಿಸಿದ. ಪರದೆಯ ಮೇಲೆ ಹದಿನೇಳರ ಹುಡುಗಿ ಮತ್ತೆ ಕಣ್ಣು ಮುಚ್ಚಿಕೊಂಡಳು.

"ತುಳಸಿ ಇಲ್ಲೇ ಅದಾಳಲ್ಲ, ಈಗ ಇಕೀದ ಕಣ್ಣು ತಗೊಂಡ್ರಾತು" ಎಂದರು ಮೇಷ್ಟ್ರು.

"ಬ್ಯಾಡ್ರಿ ಸಾರ್. ಇವ್ನು ನನ್ನ ಮಗಳ ಕಣ್ಣಿಗೆ ಕೈ ಹಾಕಾದು ಬ್ಯಾಡ."

"ಇಲ್ಲಂದ್ರ ಐದ ಕಾರ್ಡು ಮಾಡಿಸ್ಬೇಕಾಗ್ತೈತವ್ವ. ಆ ಆಟದ್ದು ಏನೂ ಉಳ್ಯಂಗಿಲ್ಲ."

"ಐದ ಮಾಡ್ರಿ. ನನ್ನ ಮಗಳು ಉಳದ್ಲು, ಅಷ್ಟ ಸಾಕು."

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತುಳಸಿ ಹೊರಡಲಿಲ್ಲ. ಕಾರ್ಡಿನ ಹಿಂಬದಿಗೆ ಏನು ಬರೆದಿದ್ದೀರಿ ಎಂದು ಕೇಳಿದಳು. ಮೇಷ್ಟ್ರು ಚೀಟಿ ತೆಗೆದು ಓದಿದರು: ಫೈನಲ್ ಪಂದ್ಯ, ಟಿ.ಬಿ. ಡ್ಯಾಂ ಮೈದಾನ, ಮೊದಲಿನಿಂದ ಕೊನೆಯವರೆಗೆ ಒಬ್ಬಳೇ, ಎದುರಾಳಿಗಳಿಗೆ ಒಂದೂ ಹೊಡೆತ ಸಿಗಲಿಲ್ಲ. ಇನ್ನೊಂದು ಸಲ ಓದಿರಿ ಎಂದಳು. ಅವರು ಓದಿದರು. ಭೀಮವ್ವ ಇದನ್ನು ಕೇಳಿದ್ದು ಮೊದಲ ಸಲ. ಮಗಳು ಆಟಕ್ಕೆ ಹೋಗುತ್ತಿದ್ದಳೆಂಬುದು ಗೊತ್ತಿತ್ತು, ಏನು ಮಾಡಿದಳೆಂಬುದು ಗೊತ್ತಿರಲಿಲ್ಲ. "ಒಬ್ಬಾಕಿಗೂ ಹೊಡ್ಯಾಕ ಬಿಡಲಿಲ್ಲೇನೇ?" ಎಂದು ಮಗಳನ್ನು ಕೇಳಿದಳು.

"ಇಲ್ಲಬೇ."

"ಮತ್ತ ಹೇಳಲೇ ಇಲ್ಲ."

"ಬಂದ ಕೂಡ್ಲೇ ದನಕ್ಕ ನೀರು ಇಡು ಅಂದಿ. ಇಟ್ಟೆ."

ಆಮೇಲೆ ತುಳಸಿ ಉಚ್ಚೆಂಗೆಪ್ಪನಿಗೆ, "ಮುಖ ಯಾಕ ಬೇಕ್ರಿ ಕಾಕಾ? ಚೆಂಡು ಒಗದಿದ್ದು ಮುಖದಿಂದಲ್ಲಲ್ಲ. ನಮ್ಮ ಟೀಮಿನವ್ರು ಎಲ್ಲಾ ನನ್ನ ಹಿಂದ ನಿಂತಿದ್ರು. ಅವ್ರು ನೋಡಿದ್ದು ನನ್ನ ಬೆನ್ನು. ಬೆನ್ನು ಹಾಕ್ರಿ" ಎಂದಳು.

ಉಚ್ಚೆಂಗೆಪ್ಪ ನಲವತ್ತು ವರ್ಷದಲ್ಲಿ ಯಾರ ಬೆನ್ನನ್ನೂ ಮಾಡಿರಲಿಲ್ಲ. ಬೆನ್ನನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಅವನು ಭೀಮವ್ವನನ್ನು ನೋಡಿದ. ಅವಳು ಇದರಲ್ಲಿ ಕೆಡುಕೇನಾದರೂ ಇದೆಯೇ ಎಂದು ಯೋಚಿಸಿದಳು.

"ಬೆನ್ನಿಗೆ ಕಣ್ಣಿರಂಗಿಲ್ಲ. ತೆಗೀಲಿ" ಎಂದಳು ಕೊನೆಗೆ.

ಅಂಗಡಿಯ ಹಿಂದೆ ಹಳೆಯ ಫ್ಲೆಕ್ಸ್ ಚೌಕಟ್ಟುಗಳನ್ನು ಒರಗಿಸಿಟ್ಟ ಗೋಡೆಯಿದೆ. ತುಳಸಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಷ್ಟ್ರ ಚೀಲದ ಚೆಂಡು ತೆಗೆದುಕೊಂಡು, ಅದರ ಹೊಲಿಗೆಯ ಮೇಲೆ ಬೆರಳು ಕೂರಿಸಿದಳು. ಮೊದಲ ಎಸೆತ ಚರಂಡಿಗೆ ಬಿತ್ತು. "ಕಪ್ಪೆ ಹೊಡೀತೀಯೇನೇ?" ಎಂದಳು ಭೀಮವ್ವ. ಎರಡನೆಯದು ಗೋಡೆಗೆ ತಾಗಿತು. ಮೂರನೆಯದಕ್ಕೆ ಕಾಲು ಎತ್ತಿ, ಮೈ ತಿರುಚಿ, ತೋಳನ್ನು ಕಿವಿಯ ಹಿಂದಿನಿಂದ ತಂದು ಬಿಟ್ಟಾಗ ಕಬ್ಬಿಣದ ಚೌಕಟ್ಟೊಂದು ಸದ್ದು ಮಾಡಿ ಉರುಳಿತು. ಮಲ್ಲಿಕಾರ್ಜುನ್ ಒಳಗಿನಿಂದ ಯಾರಲೇ ಅದು ಎಂದು ಕೂಗಿದ.

"ಇನ್ನೊಂದ್ಸಲ" ಎಂದ ಉಚ್ಚೆಂಗೆಪ್ಪ, ಫೋನು ಕಣ್ಣಿಗೆ ಹಿಡಿದುಕೊಂಡೇ.

ತುಳಸಿ ಭುಜ ಹಿಡಿದುಕೊಂಡು ನಿಂತಿದ್ದಳು. "ಇಷ್ಟ ಬರ್ತೈತ್ರಿ ಈಗ. ನಾಟಿ ಹಾಕಿದ ತೋಳು."

ಅವನು ಸಾಕೆಂದ. ಆ ಬೆನ್ನಿಗೆ ಹಳೆಯ ಫೋಟೋದ ಅಂಗಿ ತೊಡಿಸಿದ, ಜಡೆ ಹಾಗೇ ಬಿಟ್ಟ. ಹಿನ್ನೆಲೆಯ ನೀಲಿ ತೆಗೆದು ಡ್ಯಾಂ ಮೈದಾನದ ಒಣ ಹುಲ್ಲು, ದೂರದಲ್ಲಿ ಬ್ಯಾಟು ಹಿಡಿದು ನಿಂತ ಒಬ್ಬ ಹುಡುಗಿಯನ್ನು ಬರೆದ. ನಾಟಿಯಿಂದ ಬಾಗಿದ ಭುಜವನ್ನು ನೇರ ಮಾಡಬೇಕೆಂದು ಒಮ್ಮೆ ಕೈ ಹೋಯಿತು, ಮಾಡಲಿಲ್ಲ.

ಶನಿವಾರ ಕಾರ್ಡುಗಳು ಅಚ್ಚಾದವು. ಭಾನುವಾರ ಸಂಡೂರಿನ ಹುಡುಗಿಯರು ಗೆದ್ದರು, ಒಬ್ಬೊಬ್ಬರಿಗೂ ಆರು ಕಾರ್ಡಿನ ಕಟ್ಟು ಸಿಕ್ಕಿತು. ಆ ದಿನವೂ ತುಳಸಿಗೆ ನಾಟಿಯಿತ್ತು. ಅವಳು ಬರಲಿಲ್ಲ. ಅವಳ ಪಾಲಿನ ಕಾರ್ಡನ್ನು ಮೇಷ್ಟ್ರು ಕಂಪ್ಲಿಗೆ ಹೋಗಿ ಕೊಟ್ಟು ಬಂದರು. ಭೀಮವ್ವನಿಗೆಂದು ಒಂದನ್ನು ಉಚ್ಚೆಂಗೆಪ್ಪ ಲಕೋಟೆಯಲ್ಲಿ ಹಾಕಿ ಮರಿಯಮ್ಮನಹಳ್ಳಿ ಬಸ್ಸಿಗೆ ಕೊಟ್ಟು ಕಳಿಸಿದ. ಅದು ಪಕ್ಕೀರಪ್ಪನ ಜೆರಾಕ್ಸ್ ಅಂಗಡಿಯಲ್ಲಿದೆ. ಉಚ್ಚೆಂಗೆಪ್ಪನ ಕೈಯ ಫೋಟೋ ಬರುವುದು ಸತ್ತವರ ಮನೆಗೆ. ಭೀಮವ್ವ ಇನ್ನೂ ಬಂದು ಒಯ್ದಿಲ್ಲ.